ಮನೆಯವರ ಆರೋಗ್ಯ: ಗಾಯ ಮಾಯಿಸುವ ಸೀಸೆ

ಕಳೆದ ತಿಂಗಳು ನಮ್ಮ ಬೀದಿಯ ತಾಯಿಯೊಬ್ಬರು ಸೆರಗಿನ ಮರೆಯಲ್ಲಿ ಒಂದು ಪುಟ್ಟ ಗಾಜಿನ ಸೀಸೆಯನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಅವರ ಮಗನು ನಮ್ಮ ಮೈಸೂರಿನ ಗರಡಿಯೊಂದರಲ್ಲಿ ಸಾಮು ಮಾಡತಕ್ಕವನು. ದಸರಾ ಕುಸ್ತಿಯಲ್ಲಿ ಅಖಾಡಕ್ಕಿಳಿಯಬೇಕೆಂಬ ಹಂಬಲವುಳ್ಳವನು. ಹಿಮ್ಮಡಿಯ ಮೇಲಣ ಸ್ನಾಯುರಜ್ಜು ಅರೆ ಹರಿದು ಕುಂಟುತ್ತಿದ್ದ ಅವನು, ಮನೆಯವರಿಗೆ ತಿಳಿಯದಂತೆ ಅಂಚೆಯ ಮೂಲಕ ಈ ಮದ್ದನ್ನು ತರಿಸಿದ್ದನು. ಸೀಸೆಯ ತಳದಲ್ಲಿ ಚಿಟಿಕೆಯಷ್ಟು ಬಿಳಿಯ ಪುಡಿ. ಮೇಲೆ ಅಂಟಿಸಿದ ಚೀಟಿಯಲ್ಲಿ ‘ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ’ ಎಂಬ ಬರಹ. ಅದನ್ನು ನೀರಿನಲ್ಲಿ ಕರಗಿಸಿ ತಾನೇ ಚುಚ್ಚಿಕೊಳ್ಳುವನಂತೆ. “ಒಳ್ಳೆಯದೊ ಕೆಟ್ಟದ್ದೊ, ತಾವೇ ನೋಡಿ ಹೇಳಬೇಕು” ಎಂದರು ಆ ತಾಯಿ.

ವಿಜಯದಶಮಿಯಂದು ಅರಮನೆಯಲ್ಲಿ ವಜ್ರಮುಷ್ಟಿ ಕಾಳಗವಾಡುವ ಜಟ್ಟಿ ಮನೆತನದವರು ಹಿಂದೆ ಉಳುಕು ತೆಗೆಯುವುದರಲ್ಲಿಯೂ ಮೂಳೆ ಕೂಡಿಸುವುದರಲ್ಲಿಯೂ ಹೆಸರಾಗಿದ್ದರು. ಗರಡಿಯಲ್ಲಾದ ಪೆಟ್ಟಿಗೆ ಗರಡಿಯಲ್ಲಿಯೇ ಉಪಚಾರ. ಈಗಿನ ತರುಣರ ಜಟ್ಟಿಯು ಅಂಚೆಯ ಲಕೋಟೆಯಲ್ಲಿ ಬರುತ್ತಾನೆ!

ಪೆಪ್ಟೈಡೆಂಬ ಹೆಸರಿಗೆ ಗೃಹಸ್ಥರು ಬೆದರಬೇಕಾದುದಿಲ್ಲ. ನಾವುಣ್ಣುವ ಬೇಳೆಯ ಸಸಾರಜನಕವು ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಉದ್ದನೆಯ ಸರವಾದರೆ, ಪೆಪ್ಟೈಡು ಅದೇ ಮಣಿಗಳ ಗಿಡ್ಡ ಸರ. ಸಕ್ಕರೆ ಕಾಯಿಲೆಯವರು ಚುಚ್ಚಿಕೊಳ್ಳುವ ಇನ್ಸುಲಿನ್ನಿನಲ್ಲಿರುವುದು ೫೧ ಮಣಿಗಳು. ಆದಕಾರಣ ಪೆಪ್ಟೈಡಿನ ಜಾತಿಯೇ ಒಳ್ಳೆಯದೆಂದಾಗಲಿ ಕೆಟ್ಟದ್ದೆಂದಾಗಲಿ ಹೇಳಲಾಗದು. ಒಂದೊಂದನ್ನೂ ಬೇರೆಯಾಗಿಯೇ ವಿಚಾರಿಸಬೇಕು.

ಆ ಸೀಸೆಯಲ್ಲಿದ್ದುದು ಬಿ.ಪಿ.ಸಿ. ೧೫೭. ಮನುಷ್ಯನ ಜಠರರಸದ ಒಂದು ಸಸಾರಜನಕದ ತುಣುಕೆಂದು ಹೇಳಿ ಕೃತಕವಾಗಿ ತಯಾರಿಸುವ ೧೫ ಮಣಿಗಳ ಸರವಿದು. ಕ್ರೊಯೇಷಿಯಾ ದೇಶದ ಜಾಗ್ರೆಬ್ ನಗರದ ವಿದ್ವಾಂಸರು ಇದನ್ನು ಬಹುಕಾಲದಿಂದ ಪರೀಕ್ಷಿಸುತ್ತ ಬಂದಿದ್ದಾರೆ. ಇಲಿಯ ಹಿಮ್ಮಡಿಯ ರಜ್ಜುವನ್ನು ಕತ್ತರಿಸಿ ಮದ್ದು ಕೊಟ್ಟಾಗ ಅದು ಬೇಗನೆ ಕೂಡಿಕೊಂಡಿತೆಂದು ಅವರ ವರದಿ. ಹುಡುಗನು ಓದಿ ಮರುಳಾದುದು ಇದಕ್ಕೇ. ಅವನದೂ ಹಿಮ್ಮಡಿಯೇ ಅಲ್ಲವೆ? ಆದರೆ ಇಲಿಗಳ ಮೇಲಿನ ಪ್ರಯೋಗಗಳು ರಾಶಿಯಾಗಿದ್ದರೂ ಮನುಷ್ಯರ ಮೇಲೆ ನಡೆದವು ಬೆರಳೆಣಿಕೆಯವು, ಅವೂ ಕೆಲವೇ ಮಂದಿಯ ಮೇಲೆ. ಹೊಸ ರಕ್ತನಾಳಗಳು ಚಿಗುರುವಂತೆ ಮಾಡುವುದು ಇದರ ಗುಣವೆನ್ನುತ್ತಾರೆ. ಗಾಯಕ್ಕೆ ಅದು ಹಿತ. ಮೈಯೊಳಗೆ ಎಲ್ಲಿಯಾದರೂ ಅರ್ಬುದವು ಅಡಗಿದ್ದರೆ ಅದಕ್ಕೂ ಹಿತವಾದೀತೆಂಬ ಶಂಕೆ ವೈದ್ಯರಲ್ಲಿದೆ. ಯಾವ ದೇಶದ ಔಷಧಾಧಿಕಾರಿಗಳ ಒಪ್ಪಿಗೆಯನ್ನೂ ಪಡೆಯದ ವಸ್ತುವೆಂದು, ಕ್ರೀಡೆಗಳಲ್ಲಿ ಉದ್ದೀಪಕ ಮದ್ದುಗಳನ್ನು ತಡೆಯುವ ಜಾಗತಿಕ ಸಂಸ್ಥೆಯಾದ ‘ವಾಡಾ’ ೨೦೨೨ರಲ್ಲಿ ಇದನ್ನು ಹೆಸರು ಹಿಡಿದು ನಿಷೇಧಿಸಿತು.

ಮಾರುವವರು ಇದರ ಜೋಡಿಯೆಂದು ಹೊಗಳುವುದು ಟಿ.ಬಿ. ೫೦೦. ಕ್ಷಯರೋಗಕ್ಕೂ ಇದಕ್ಕೂ ಸಂಬಂಧವಿಲ್ಲ. ಥೈಮೋಸಿನ್ ಬೀಟಾ ನಾಲ್ಕು ಎಂಬ ೪೩ ಮಣಿಗಳ ಸರವು ನಮ್ಮ ಮೈಯಲ್ಲಿಯೇ ಇದ್ದು, ಜೀವಕೋಶಗಳು ಗಾಯದ ಕಡೆಗೆ ಸರಿದುಬರಲು ನೆರವಾಗುತ್ತದೆ, ಟಿ.ಬಿ. ೫೦೦ ಅದರೊಳಗಿನ ತುಣುಕು. ಮೂಲ ಸರವನ್ನಾದರೂ ಕಣ್ಣಿನ ಹನಿಯಾಗಿ ಮನುಷ್ಯರಲ್ಲಿ ಪರೀಕ್ಷಿಸಿದ್ದಾರೆ. ತುಣುಕು ಹೆಸರಾದುದು ಪಂದ್ಯದ ಕುದುರೆಗಳ ಲಾಯದಲ್ಲಿ. ಆಸ್ಟ್ರೇಲಿಯದ ಎಸೆಂಡನ್ ಎಂಬ ಫುಟ್‌ಬಾಲ್ ಸಂಘದ ೩೪ ಮಂದಿ ಆಟಗಾರರು ೨೦೧೨ರಲ್ಲಿ ಥೈಮೋಸಿನ್ ಬೀಟಾ ನಾಲ್ಕನ್ನು ಚುಚ್ಚಿಸಿಕೊಂಡರೆಂದು ೨೦೧೬ರ ಜನವರಿಯಲ್ಲಿ ತೀರ್ಪಾಗಿ, ಅಮಾನತಿಗೆ ಒಳಗಾದರು. ಇದನ್ನು ಕೇಳಿದಾಗ ಮಾತ್ರ ಹುಡುಗನ ಮುಖ ಸ್ವಲ್ಪ ಕಂದಿತು.

ತಾಮ್ರ ಸೇರಿದ ೩ ಮಣಿಗಳ ಪೆಪ್ಟೈಡೊಂದುಂಟು. ಅದು ಮುಖಕ್ಕೆ ಹಚ್ಚುವ ಲೇಪಗಳ ಸರಕು, ಇಲ್ಲಿ ಬೇಡ.

ಮನುಷ್ಯರಲ್ಲಿ ಪರೀಕ್ಷೆಗೆ ನಿಂತು ಔಷಧವೆನಿಸಿದ ಒಂದನ್ನು ಮಾತ್ರ ಸೀಸೆ ಮಾರುವವರು ಹೊಗಳರು. ಇ.ಜಿ.ಎಫ್. ಎಂಬ ೫೩ ಮಣಿಗಳ ಈ ಸರವನ್ನು ಸ್ಟ್ಯಾನ್ಲಿ ಕೋಹೆನ್ ಎಂಬ ವಿಜ್ಞಾನಿಯು ಸಣ್ಣ ಇಲಿಯ ಲಾಲಾಗ್ರಂಥಿಯಲ್ಲಿ ಕಂಡುಹಿಡಿದನು. ೧೯೮೬ರ ನೊಬೆಲ್ ಬಹುಮಾನದಲ್ಲಿ ಪಾಲುಗಾರನಾದನು. ನಾಯಿಯು ತನ್ನ ಗಾಯವನ್ನು ನೆಕ್ಕಿಕೊಳ್ಳುವುದನ್ನು ನೋಡಿದವರಿಗೆ ಇದು ವಿಚಿತ್ರವೆನಿಸದು. ಹೈದರಾಬಾದಿನ ಭಾರತ್ ಬಯೋಟೆಕ್ ಸಂಸ್ಥೆಯು ಇದನ್ನು ಮುಲಾಮಾಗಿ ತಯಾರಿಸಿದೆ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದು, ಅಂಗಾಲಿನ ಹುಣ್ಣು ಮಾಯದೆ ಉಳಿದಿದ್ದರೆ ಇದರ ವಿಷಯವನ್ನು ವೈದ್ಯರಲ್ಲಿ ವಿಚಾರಿಸಬಹುದು. ಆದರೆ ಇದು ಮೇಲೆ ಹಚ್ಚುವ ಮದ್ದು. ಒಳಗಿನ ರಜ್ಜುವಿಗೆ ಅಲ್ಲ.

ಹಾಗಾದರೆ ರಜ್ಜುವಿಗೇನು? ರಜ್ಜುವಿಗೆ ರಕ್ತದ ಹರಿವು ಕಡಮೆ. ಆದುದರಿಂದ ಅದು ಕೂಡಿಕೊಳ್ಳುವುದು ತಿಂಗಳುಗಳ ಲೆಕ್ಕದಲ್ಲಿ. ಬಲ್ಲವರ ಕಣ್ಣಮುಂದೆ ಸ್ವಲ್ಪಸ್ವಲ್ಪವಾಗಿ ಭಾರ ಹೊರಿಸುತ್ತ ಅದನ್ನು ಬಲಪಡಿಸಬೇಕು. ಇಷ್ಟನ್ನೂ ಹೇಳಿದ ಮೇಲೆ ಹುಡುಗನು, “ಅಷ್ಟರಲ್ಲಿ ದಸರಾ ಕಳೆದುಹೋಗುತ್ತದಲ್ಲ?” ಎಂದನು. ಹೌದು, ಹೋಗುತ್ತದೆ ಎಂದೆನು. ಎರಡು ದಿನ ಅವನು ನನ್ನೊಡನೆ ಮಾತನಾಡಲಿಲ್ಲ.

ಈಗ ವಾರಕ್ಕೆ ಎರಡು ಸಲ ಅಂಗಸಾಧನೆಯ ಚಿಕಿತ್ಸಕರಲ್ಲಿಗೆ ಹೋಗುತ್ತಾನೆ. ಬೆಳಗ್ಗೆ ಮನೆಯ ಮೆಟ್ಟಲಿನ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಇಳಿಸುತ್ತ ಏರಿಸುತ್ತ ಎಣಿಸುವುದು ನಮ್ಮ ಕಿಟಕಿಗೆ ಕೇಳುತ್ತದೆ. ಸೀಸೆಯು ಅವರ ಶೀತಕದಲ್ಲಿ ಮಜ್ಜಿಗೆಯ ಪಾತ್ರೆಯ ಪಕ್ಕದಲ್ಲಿಯೇ ಇದೆ. ಹಣವನ್ನು ಹಿಂದಕ್ಕೆ ಕೊಡಬೇಕೆಂದು ಮಾರಿದವರಿಗೆ ಬರೆದಿದ್ದಾನಂತೆ, ಉತ್ತರವಿನ್ನೂ ಬಂದಿಲ್ಲ.