ಗಾಂಧಿಬಜಾರೂ ಜಯನಗರವೂ

ಪೇಟೆಯ ಪುನರುಜ್ಜೀವನವೆಂದರೆ ರಸ್ತೆಗೆ ಕಲ್ಲು ಹಾಸುವುದು, ದೀಪದ ಕಂಬ ನೆಡುವುದು, ಹಳೆಯ ಗೋಡೆಗಳಿಗೆ ಬಣ್ಣ ಬಳಿಯುವುದು ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಇವು ಬೇಡವೆನ್ನುವಷ್ಟು ಅವಿವೇಕಿ ನಾನಲ್ಲ. ಆದರೆ ಪೇಟೆಯೊಂದು ಕಷ್ಟಕಾಲಗಳನ್ನು ದಾಟಿ ಉಳಿದುಬರುವ ಗುಟ್ಟು ಬೇರೆಡೆ ಇದೆಯೆಂದು ನನ್ನ ಅಭಿಪ್ರಾಯ. ದಕ್ಷಿಣ ಬೆಂಗಳೂರಿನ ಎರಡು ಪೇಟೆಗಳನ್ನು ಮುಂದಿಟ್ಟುಕೊಂಡು ಅದನ್ನು ವಿವರಿಸಲು ಯತ್ನಿಸುತ್ತೇನೆ.

ಬಸವನಗುಡಿ 1890ರ ದಶಕದ ಬಡಾವಣೆ. 1898ರಲ್ಲಿ ಪ್ಲೇಗು ಬಂದಾಗ ಇಕ್ಕಟ್ಟಾದ ಹಳೆಯ ಪೇಟೆಯನ್ನು ತೊರೆದವರಿಗೆ ಇಂಥ ಬಡಾವಣೆಗಳೇ ಆಸರೆಯಾದವು. ಇಲ್ಲಿಯ ಗಾಂಧಿಬಜಾರಿನಲ್ಲಿ ಕೆಳಗೆ ಅಂಗಡಿ, ಮೇಲೆಯೋ ಹಿಂದೆಯೋ ಮನೆ ಎಂಬ ಪದ್ಧತಿಯ ಕಟ್ಟಡಗಳು ಈಗಲೂ ಅಲ್ಲೊಂದು ಇಲ್ಲೊಂದು ಉಳಿದಿವೆ. ಈ ಪದ್ಧತಿಯನ್ನು ಹಳೆಯ ಕಾಲದ ಸೊಗಸೆಂದು ಮೆಚ್ಚಿ ಸುಮ್ಮನಾಗುವುದು ಸುಲಭ; ಅದರ ಲೆಕ್ಕಾಚಾರವನ್ನು ನೋಡಬೇಕು. ಮನೆಗೊಂದು, ಅಂಗಡಿಗೊಂದು ಬಾಡಿಗೆ ತೆರುವವನು ಮೂರು ತಿಂಗಳ ನಷ್ಟಕ್ಕೆ ಬಾಗಿಲು ಹಾಕುತ್ತಾನೆ. ಸ್ವಂತ ಅಂಗಡಿಯ ಮೇಲೆ ಮಲಗುವವನು ವರ್ಷವಾದರೂ ತಾಳುತ್ತಾನೆ. ಮನೆಮಂದಿಯೇ ಸರದಿಯಂತೆ ಗಲ್ಲದ ಮೇಲೆ ಕೂರುತ್ತಾರೆ. ರಾತ್ರಿ ಬೀದಿಯ ಮೇಲೆ ಕಣ್ಣಿಡುವವರೂ ಅವರೇ.

ಇನ್ನು ಆ ಅಂಗಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕುಳಿತವಳ ಮಾತು. ವರಮಹಾಲಕ್ಷ್ಮಿಯ ಹಿಂದಿನ ದಿನ ಗಾಂಧಿಬಜಾರಿಗೆ ಹೋಗಿ ನೋಡಿದರೆ ವಿಷಯ ತಾನಾಗಿ ತಿಳಿಯುತ್ತದೆ. ಸೇವಂತಿಗೆ, ಬಾಳೆಯ ಕಂದು, ಮಾವಿನ ಸೊಪ್ಪು ಬೀದಿಯಲ್ಲಿ. ಅರಿಸಿನ, ಕುಂಕುಮ, ಕರ್ಪೂರ ಗ್ರಂಧಿಗೆ ಅಂಗಡಿಯಲ್ಲಿ. ಹೂವಿಗೆಂದು ಬಂದವರು ಅಂಗಡಿಯ ಮೆಟ್ಟಿಲು ಹತ್ತುತ್ತಾರೆ, ಅಂಗಡಿಗೆಂದು ಬಂದವರು ಹೂವು ಕೊಳ್ಳುತ್ತಾರೆ, ಇಬ್ಬರೂ ಕಾಫಿಗೆ ಹೋಟೆಲು ಹುಡುಕುತ್ತಾರೆ. (1943ರಿಂದ ನಡೆದುಬಂದಿರುವ ವಿದ್ಯಾರ್ಥಿ ಭವನದ ಮುಂದೆ ಸರದಿಗಾಗಿ ಕಾಯುವವರಲ್ಲಿ ವಿದ್ಯಾರ್ಥಿಗಳು ಎಷ್ಟು ಮಂದಿಯೋ!) ಒಬ್ಬರ ಗಿರಾಕಿ ಇನ್ನೊಬ್ಬರ ಗಿರಾಕಿ. ಈ ಕೊಂಡಿಯೇ ಪೇಟೆಯ ತಾಳಿಕೆ.

2023ರಲ್ಲಿ ಗಾಂಧಿಬಜಾರಿನ ರಸ್ತೆಯನ್ನು ಅಗೆದು ಕಾಲುದಾರಿಯನ್ನು ಅಗಲಗೊಳಿಸುವ ಕೆಲಸ ನಡೆಯಿತು. ನಡೆಯುವವರಿಗೆ ಇದರಿಂದ ಅನುಕೂಲವಾಯಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಕೆಲಸ ಎಳೆಯುತ್ತ ಹೋದಂತೆ ವ್ಯಾಪಾರ ಕುಸಿಯಿತೆಂದು ವರ್ತಕರು ಬಹಿರಂಗವಾಗಿಯೇ ದೂರಿದರು. ಕಲ್ಲು ಹಾಸುವ ಯೋಜನೆಯಲ್ಲಿ ಕಲ್ಲಿನ ವೆಚ್ಚಕ್ಕೆ ಬಾಬತ್ತು ಇರುತ್ತದೆ. ಅಷ್ಟು ಕಾಲ ಬುಟ್ಟಿ ಇಡಲು ಜಾಗ ಸಿಗದವಳ ದಿನಗೂಲಿಗೆ ಯಾವ ಬಾಬತ್ತಿನಲ್ಲಿ ಸ್ಥಳ?

ಜಯನಗರದ ಕಥೆ ಬೇರೆ. 1948ರಲ್ಲಿ ಶಂಕುಸ್ಥಾಪನೆಯಾದ ಈ ಬಡಾವಣೆಯನ್ನು ಬ್ಲಾಕುಗಳಾಗಿ ವಿಂಗಡಿಸಿ, ನಾಲ್ಕನೆಯ ಬ್ಲಾಕಿನಲ್ಲಿ ದೊಡ್ಡದೊಂದು ಕಾಂಪ್ಲೆಕ್ಸು ಕಟ್ಟಿದರು. ವ್ಯಾಪಾರ ಕಟ್ಟಡದೊಳಗೆ ಅಡಕವಾಗಿ ಇರಲಿಲ್ಲ. ಸುತ್ತಣ ಬೀದಿಗಳಿಗೂ ಹರಿಯಿತು. 2023ರ ಕೊನೆಯ ತಿಂಗಳುಗಳಲ್ಲಿ ಆ ಬೀದಿ ವ್ಯಾಪಾರಿಗಳನ್ನು ಪಾಲಿಕೆ ತೆರವುಗೊಳಿಸಿತು. ವೃದ್ಧರೂ ಮಕ್ಕಳೂ ಕಾಲುದಾರಿಯಿಂದಿಳಿದು ಬಸ್ಸುಗಳ ನಡುವೆ ನಡೆಯಬೇಕೆಂದು ಯಾರೂ ಹೇಳರು. ಇಬ್ಬರಿಗೂ ಜಾಗ ಅಳೆದುಕೊಡುವುದು ಕಷ್ಟದ ಕೆಲಸ, ಒಬ್ಬರನ್ನು ಎಬ್ಬಿಸುವುದು ಸುಲಭದ ಕೆಲಸ. ನಮ್ಮವರು ಸುಲಭದ್ದನ್ನು ಆರಿಸಿಕೊಂಡರು.

ಆಶ್ಚರ್ಯವೆಂದರೆ ಅಳೆದುಕೊಡುವ ಕ್ರಮ ಕಾನೂನಿನಲ್ಲಿಯೇ ಇದೆ. 2014ರ ಬೀದಿ ವ್ಯಾಪಾರಿಗಳ ಕಾಯಿದೆಯಂತೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ವ್ಯಾಪಾರಿಗಳಿಂದಲೇ ಆಯ್ಕೆಯಾದ ವ್ಯಾಪಾರಿಗಳಾಗಿರಬೇಕು. ಅವರಲ್ಲಿ ಮೂರನೆಯ ಒಂದು ಭಾಗ ಸ್ತ್ರೀಯರು. ಅದರ ಮೊದಲನೆಯ ಅನುಸೂಚಿ ಇನ್ನೂ ಸ್ಪಷ್ಟವಾಗಿದೆ: 50 ವರ್ಷಕ್ಕೂ ಮಿಗಿಲಾಗಿ ಬೀದಿ ವ್ಯಾಪಾರ ನಡೆದುಬಂದ ಸಹಜ ಮಾರುಕಟ್ಟೆಗಳನ್ನು ಪಾರಂಪರಿಕ ಮಾರುಕಟ್ಟೆಗಳೆಂದು ಸಾರಬೇಕು, ಅಲ್ಲಿಯ ವ್ಯಾಪಾರಿಗಳನ್ನು ಸ್ಥಳಾಂತರಿಸಕೂಡದು. ಗೋಪುರಕ್ಕೆ, ಕೋಟೆಗೆ ಮೀಸಲಾಗಿದ್ದ ಪರಂಪರೆಯೆಂಬ ಮಾತು ಹೂವಿನ ಬುಟ್ಟಿಗೂ ಸಲ್ಲುತ್ತದೆಂದು ಪಾರ್ಲಿಮೆಂಟು ಒಪ್ಪಿದೆ. ಗಾಂಧಿಬಜಾರಿಗೆ ಆ ಪದವಿ ಸಲ್ಲದಿದ್ದರೆ ಇನ್ನಾವ ಪೇಟೆಗೆ ಸಲ್ಲಬೇಕು?

ಸಿಂಗಪುರದಲ್ಲಿ 1989ರಲ್ಲಿ ಚೈನಾಟೌನ್, ಲಿಟ್ಲ್ ಇಂಡಿಯಾ ಮುಂತಾದ ಕಡೆಗಳಲ್ಲಿ ಅಂಗಡಿಮನೆಗಳ ಸಾಲುಗಳಿಗೆ ರಕ್ಷಣೆ ಸಾರಿದರು. ಗೋಡೆ, ಕಿಟಕಿ, ಮುಂದಿನ ಮೊಗಸಾಲೆ ಅಚ್ಚುಕಟ್ಟಾಗಿ ಉಳಿದವು. ಮೇಲಿನ ಕೋಣೆಗಳಲ್ಲಿ ವಾಸವಾಗಿದ್ದವರಲ್ಲಿ ಬಹುಮಂದಿ ಹೊಸ ವಸತಿಗಳಿಗೆ ಹೋದರು; ಬೀದಿಯ ತಿಂಡಿಯವರನ್ನು ಅದಕ್ಕೂ ಮುಂಚೆಯೇ ಬೇರೆ ಕಟ್ಟಡಗಳಿಗೆ ಸಾಗಿಸಲಾಗಿತ್ತು. ಅವರ ಶ್ರದ್ಧೆ ನಮಗೆ ಬರಲಿ, ಅವರ ಕ್ರಮ ಮಾತ್ರ ಬೇಡ.

2025ರಲ್ಲಿ ಬೆಂಗಳೂರಿನ ಪಾಲಿಕೆಯನ್ನು ಒಡೆದು ಐದು ನಗರ ಪಾಲಿಕೆಗಳನ್ನು ಮಾಡಿದ್ದಾರೆ. ಹೊಸ ಬೋರ್ಡು ಬರೆಸುವ ಭರಾಟೆಯ ನಡುವೆ ಅವು ಆ ಅನುಸೂಚಿಯನ್ನೊಮ್ಮೆ ಓದಿ, ಗಾಂಧಿಬಜಾರನ್ನು ಮೊದಲು ಪಟ್ಟಿಗೆ ಸೇರಿಸಲಿ. ಆಮೇಲೆ ನಾಲ್ಕನೆಯ ಬ್ಲಾಕಿನ ಬೀದಿಗಳಲ್ಲಿ ವ್ಯಾಪಾರ ಎಷ್ಟು ವರ್ಷದ್ದೆಂದು ಅಲ್ಲಿ ಕುಳಿತಿದ್ದವರನ್ನೇ ಕರೆದು ಕೇಳಲಿ.