ಮದುವೆ ಕ್ರಿಯಾಪದವಲ್ಲವೇ?

ಕೆಲವು ವರ್ಷಗಳ ಹಿಂದಿನ ಮಾತು. ಎಂಟನೆಯ ತರಗತಿಯ ಇಂಗ್ಲಿಷ್ ಕಿರುಪರೀಕ್ಷೆಯ ಪತ್ರಿಕೆಗಳನ್ನು ತಿದ್ದುತ್ತಿದ್ದೆ. ಕ್ರಿಯಾಪದದ ಕೆಳಗೆ ಗೆರೆ ಎಳೆಯಿರಿ ಎಂಬುದು ಪ್ರಶ್ನೆ. ‘ಮೈ ಸಿಸ್ಟರ್ಸ್ ಮ್ಯಾರೇಜ್ ವಾಸ್ ಇನ್ ಮೇ’ ಎಂಬುದು ವಾಕ್ಯ. ಒಬ್ಬ ಹುಡುಗಿ ‘ಮ್ಯಾರೇಜ್’ ಕೆಳಗೆ ಗೆರೆ ಎಳೆದಿದ್ದಳು. ನಾನು ಎಂದಿನಂತೆ ಕೆಂಪು ಮಸಿಯಲ್ಲಿ ತಪ್ಪು ಹಾಕಿ ಮುಂದಿನ ಪತ್ರಿಕೆ ಎತ್ತಿಕೊಂಡೆ. ಮರುದಿನ ಆಕೆ ಎದ್ದು ನಿಂತು ಕೇಳಿದಳು: “ಕೆಲಸ ಹೇಳೋ ಪದ ವರ್ಬ್ ಅಂತ ನೀವೇ ಬರೆಸಿದ್ರಿ ಟೀಚರ್. ನಮ್ಮಕ್ಕನ ಮದುವೇಲಿ ಮನೆಯವರೆಲ್ಲ ಒಂದು ತಿಂಗಳು ಕೆಲಸ ಮಾಡಿದೀವಿ. ಮದುವೆ ಕೆಲಸ ಅಲ್ವಾ?”

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. “ಅದು ಹಾಗಲ್ಲ, ಕೂತ್ಕೋ” ಎಂದೆ. ಹಾಗಲ್ಲದಿದ್ದರೆ ಮತ್ತೆ ಹೇಗೆ ಎಂದು ಹೇಳಲು ಆ ಕ್ಷಣ ನನಗೆ ತಿಳಿಯಲಿಲ್ಲ. ಬಿ.ಎ., ಬಿ.ಇಡಿ. ಮುಗಿಸಿ, ಎರಡು ದಶಕ ಇಂಗ್ಲಿಷ್ ಪಾಠ ಮಾಡಿದವಳಿಗೆ!

ಅದೇ ವಾರ ಹುಡುಗಿಯ ತಾಯಿ ಶಾಲೆಗೆ ಬಂದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, “ನಾನು ಓದಿದ್ದು ಏಳನೇ ಕ್ಲಾಸು ಮೇಡಂ. ಇವಳಿಗೂ ನನ್ನ ತಲೆಯೇ ಬಂದಿದೆ. ಇಂಗ್ಲಿಷ್ ಹತ್ತೋದಿಲ್ಲ ಅಂದ್ರೆ ಹತ್ತನೇ ಕ್ಲಾಸಿಗೇ ಬಿಡಿಸಿಬಿಡೋಣ ಅಂತಾರೆ ಇವರಪ್ಪ” ಎಂದರು. ನಾನು ಹಾಕಿದ ಒಂದು ಕೆಂಪು ಗೆರೆ ಎಲ್ಲಿಯವರೆಗೆ ಹೋಗಿ ಮುಟ್ಟಬಹುದೆಂದು ನನಗೆ ಅರಿವಾದದ್ದು ಆಗ.

ಈಗ ಬಿಚ್ಚಿ ಹೇಳುತ್ತೇನೆ. ಹುಡುಗಿಯ ಉತ್ತರ ತಪ್ಪು, ಆದರೆ ಆಕೆಯ ತರ್ಕ ಸರಿ. ತಪ್ಪಿದ್ದದ್ದು ನಾನು ಬರೆಸಿದ ಲಕ್ಷಣದಲ್ಲಿ. ‘ಕೆಲಸವನ್ನು ಹೇಳುವ ಪದವೇ ಕ್ರಿಯಾಪದ’ ಎಂದು ನಾವು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇವೆ. ಮದುವೆ, ಜಗಳ, ಪ್ರಯಾಣ, ಅಡುಗೆ ಎಲ್ಲವೂ ಕೆಲಸಗಳೇ. ಆದರೂ ವ್ಯಾಕರಣದಲ್ಲಿ ಇವು ನಾಮಪದಗಳು. ಇತ್ತ ‘ಈಸ್’, ‘ವಾಸ್’, ‘ಹ್ಯಾವ್’, ‘ನೋ’ ಇವುಗಳಲ್ಲಿ ಯಾರೂ ಬೆವರು ಸುರಿಸುವುದಿಲ್ಲ. ಆದರೂ ಇವು ಕ್ರಿಯಾಪದಗಳು. ಹೇಳಿಕೊಟ್ಟ ನಿಯಮವನ್ನು ನಂಬಿ ನಡೆದ ಮಗು ಗುಂಡಿಗೆ ಬೀಳುತ್ತದೆ. ನಂಬದೆ ಅಕ್ಕಪಕ್ಕ ನೋಡಿ ಬರೆದ ಮಗು ಪಾಸಾಗುತ್ತದೆ. ಇದೆಂಥ ವಿದ್ಯೆ, ನೀವೇ ಹೇಳಿ.

ಹಳಬರು ಇಷ್ಟು ಅವಸರ ಮಾಡಿರಲಿಲ್ಲ. ಅಮೆರಿಕದಲ್ಲಿ ಹುಟ್ಟಿ ಇಂಗ್ಲೆಂಡಿನ ಯಾರ್ಕ್ ಊರಿನ ಬಳಿ ನೆಲೆಸಿದ ಲಿಂಡ್ಲೆ ಮರ್ರೆ ಎಂಬ ವಕೀಲ 1795ರಲ್ಲಿ ಒಂದು ಇಂಗ್ಲಿಷ್ ವ್ಯಾಕರಣ ಬರೆದ. ಅಲ್ಲಿನ ಒಂದು ಹೆಣ್ಣುಮಕ್ಕಳ ಶಾಲೆಯ ಶಿಕ್ಷಕಿಯರು ಕೇಳಿಕೊಂಡರೆಂದು ಬರೆದ ಪುಸ್ತಕವದು. ಮುಂದೆ ಎಷ್ಟೋ ಕಾಲ ಶಾಲೆಗಳನ್ನು ಆಳಿತು. ಅದರಲ್ಲಿ ಆತ ಕ್ರಿಯಾಪದಕ್ಕೆ ಮೂರು ಅರ್ಥ ಕೊಟ್ಟ: ಇರುವುದು, ಮಾಡುವುದು, ಒಳಗಾಗುವುದು. ‘ಇರುವುದು’ ಮೊದಲು ಬಂತು, ‘ಮಾಡುವುದು’ ಆಮೇಲೆ. ಅದೂ ಪೂರ್ಣವಾದ ಲಕ್ಷಣವೇನಲ್ಲ. ಆದರೆ ಗೈಡುಗಳ ಕೈಯಲ್ಲಿ, ನಮ್ಮಂಥವರ ಕೈಯಲ್ಲಿ ಅದು ಸವೆದು ಸವೆದು ‘ಮಾಡುವುದು’ ಒಂದೇ ಉಳಿಯಿತು.

ಇನ್ನೊಂದು ಅನ್ಯಾಯ. ಪದಗಳಿಗೆ ಜಾತಿ ಹಚ್ಚುವ ಚಟ ನಮಗೆ. ‘ವಾಟರ್’ ಎಂದರೆ ನಾಮಪದ ಎಂದು ಪಟ್ಟಿ ಬರೆಸುತ್ತೇವೆ. ‘ವಾಟರ್ ದ ಪ್ಲಾಂಟ್ಸ್’ ಎಂದಾಗ ಅದೇ ವಾಟರ್ ಗಿಡಕ್ಕೆ ನೀರು ಹಾಕುವ ಕ್ರಿಯಾಪದವಾಗುತ್ತದೆ. ಇಂಗ್ಲಿಷಿನಲ್ಲಿ ಪದ ಎಲ್ಲಿ ಕೂತಿದೆ, ಅಲ್ಲಿ ಏನು ಮಾಡುತ್ತಿದೆ ಎಂಬುದೇ ಅದರ ಗುರುತು. ಮನೆಯಲ್ಲಿ ನೀವು ತಾಯಿ, ತವರಿನಲ್ಲಿ ಮಗಳು, ಕಚೇರಿಯಲ್ಲಿ ಗುಮಾಸ್ತೆ. ಹೆಸರು ಮಾತ್ರ ಒಂದೇ.

ಹಾಗಾದರೆ ಕ್ರಿಯಾಪದವನ್ನು ಗುರುತಿಸುವುದು ಹೇಗೆ? ಕಾಲ ಬದಲಾಯಿಸಿ ನೋಡಬೇಕು. ಆ ತಾಯಿಯನ್ನು ಕೂರಿಸಿಕೊಂಡು ಕೇಳಿದೆ: “ಅಕ್ಕನ ಮದುವೆ ಮೇ ತಿಂಗಳಲ್ಲಿ ಇತ್ತು. ಇದನ್ನೇ ಈ ತಿಂಗಳು ಅಂತ ಹೇಳಿ.” ‘ಇದೆ’ ಎಂದರು. “ಮುಂದಿನ ವರ್ಷ?” ‘ಇರುತ್ತೆ’ ಎಂದರು. “ಮದುವೆ ಅನ್ನೋ ಪದ ಬದಲಾಯ್ತಾ?” “ಇಲ್ಲ ಮೇಡಂ, ಅದು ಹಾಗೇ ಇದೆ. ಇತ್ತು ಅನ್ನೋದು ಮಾತ್ರ ಇದೆ, ಇರುತ್ತೆ ಆಯ್ತು.” ಪಕ್ಕದಲ್ಲಿ ನಿಂತಿದ್ದ ಮಗಳು ಮೆಲ್ಲಗೆ, “ಹಾಗಾದ್ರೆ ವಾಸ್! ಈಸ್, ವಾಸ್, ವಿಲ್ ಬಿ” ಎಂದಳು. ನಾನು ಎರಡು ದಶಕದಲ್ಲಿ ಹೇಳಿಕೊಡದ ಪಾಠವನ್ನು ಏಳನೇ ಕ್ಲಾಸಿನ ತಾಯಿ ಎರಡು ನಿಮಿಷದಲ್ಲಿ ಹೇಳಿಕೊಟ್ಟರು. ‘ಕಟ್’, ‘ಪುಟ್’ ಎಂಬಂಥ ಕೆಲವು ಪದಗಳು ನಿನ್ನೆಗೂ ಹಾಗೇ ಉಳಿಯುತ್ತವೆ, ನಿಜ. ಆದರೆ ‘ಶಿ’ ಜೊತೆ ಇಂದಿನ ಮಾತಿಗೆ ತಂದರೆ ‘ಕಟ್ಸ್’, ‘ಪುಟ್ಸ್’ ಎಂದು ತಮ್ಮ ಗುಟ್ಟು ಬಿಟ್ಟುಕೊಡುತ್ತವೆ.

ಮಕ್ಕಳು ಮಾಡುವ ತಪ್ಪುಗಳಿಗೂ ಕಾರಣವಿದೆ. ‘ಅವಳು ಟೀಚರ್’ ಎಂಬುದು ಕನ್ನಡದಲ್ಲಿ ಪೂರ್ಣ ವಾಕ್ಯ. ಅದಕ್ಕೇ ಮಗು ‘ಶಿ ಟೀಚರ್’ ಎಂದು ಬರೆಯುತ್ತದೆ. ‘ಬಂದಳು’ ಎಂದರೆ ಬಂದವಳು ಹೆಣ್ಣು, ಒಬ್ಬಳು ಎಂಬುದೆಲ್ಲ ಅದರೊಳಗೇ ಇದೆ. ಇಂಗ್ಲಿಷಿನ ‘ಕೇಮ್’ನಲ್ಲಿ ಅದೇನೂ ಇಲ್ಲ. ಆದ್ದರಿಂದಲೇ ಅಲ್ಲಿ ‘ಶಿ’ ಬೇಕೇ ಬೇಕು. ‘ಡಿಡ್ ಶಿ ಕೇಮ್’ ಎಂದ ಮಗುವಿಗೆ ಬೈಯುವ ಬದಲು, ‘ನಿನ್ನೆ’ ಎಂಬ ಗುರುತನ್ನು ‘ಡಿಡ್’ ಆಗಲೇ ಹೊತ್ತಿದೆ, ಇನ್ನೊಮ್ಮೆ ಹೊರಿಸಬೇಡ ಎಂದರೆ ಸಾಕು. ಹೋಗುತ್ತೇನೆ, ಹೋಗುತ್ತೇವೆ, ಹೋಗುತ್ತೀಯೆ, ಹೋಗುತ್ತೀರಿ, ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತಾರೆ, ಹೋಗುತ್ತದೆ, ಹೋಗುತ್ತವೆ: ಈ 9 ರೂಪಗಳನ್ನು ಶಾಲೆಗೆ ಸೇರುವ ಮೊದಲೇ ತಪ್ಪಿಲ್ಲದೆ ಆಡುವ ಮಗುವಿಗೆ ‘ಗೋ’, ‘ಗೋಸ್’ ಎಂಬ ಎರಡು ಹತ್ತುವುದಿಲ್ಲವೇ?

ಕನ್ನಡಕ್ಕೇನು ವ್ಯಾಕರಣ ಹೊಸದೇ? 13ನೇ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಆಖ್ಯಾತಕ್ಕೊಂದು, ಧಾತುವಿಗೊಂದು ಪ್ರಕರಣವನ್ನೇ ಇಟ್ಟ. ನಮ್ಮ ಮಕ್ಕಳು ಕನ್ನಡ ಪಿರಿಯಡ್ಡಿನಲ್ಲಿ ಧಾತು, ಕಾಲ, ಲಿಂಗ, ವಚನ ಎಲ್ಲ ಕಲಿತಿರುತ್ತಾರೆ. ಗಂಟೆ ಹೊಡೆದು ಇಂಗ್ಲಿಷ್ ಟೀಚರ್ ಬಂದೊಡನೆ ಅವರಿಗೆ ಏನೂ ಬಾರದೆಂಬಂತೆ ಮೊದಲಿನಿಂದ ಶುರು. ಒಂದೇ ಮನೆಯಲ್ಲಿ ಮಾತು ಬಿಟ್ಟ ಓರಗಿತ್ತಿಯರಂತಿವೆ ಈ ಎರಡು ಪಿರಿಯಡ್ಡುಗಳು.

ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಸುಳಿಯಲೇಬಾರದು ಎನ್ನುವವರಿದ್ದಾರೆ. ತಮ್ಮ ಮಟ್ಟಿಗೆ ಅವರ ಕಾಳಜಿ ಸರಿ, ಇಂಗ್ಲಿಷ್ ಕಿವಿಗೆ ಬೀಳಬೇಕು. ಆದರೆ ಕನ್ನಡವನ್ನು ಬಾಗಿಲಲ್ಲಿ ತಡೆದರೆ ಅದು ಮಗುವಿನ ತಲೆಯೊಳಗೆ ಕೂತು ‘ಶಿ ಟೀಚರ್’ ಬರೆಸುತ್ತದೆ. ಎದುರಿಗೆ ಕರೆದು ಕೂರಿಸಿದರೆ ವ್ಯತ್ಯಾಸ ತೋರಿಸುತ್ತದೆ. ವ್ಯಾಕರಣವೇ ಬೇಡ, ಮಾತಾಡುತ್ತ ಬರುತ್ತದೆ ಎನ್ನುವವರೂ ಇದ್ದಾರೆ. ಇಂಗ್ಲಿಷ್ ಮಾತಾಡುವ ಮನೆಯ ಮಕ್ಕಳಿಗೆ ಆ ಮಾತು ಸರಿ. ನಮ್ಮ ಊರಿನ ಮಗುವಿಗೆ ಸಿಗುವುದು ದಿನಕ್ಕೊಂದು ಪಿರಿಯಡ್. ಕೇಳಿ ಕಲಿಯುವ ಭಾಗ್ಯ ಇಲ್ಲದವರಿಗೆ ವ್ಯಾಕರಣವೇ ಊರುಗೋಲು. ಅದನ್ನು ಕಿತ್ತುಕೊಂಡು ಓಡು ಎಂದರೆ ಹೇಗೆ?

ನನ್ನ ಕಾಲದಲ್ಲಿ ಇಂಗ್ಲಿಷ್ ಐದನೆಯ ತರಗತಿಗೆ ಬರುತ್ತಿತ್ತು. 2007ರಲ್ಲಿ ಸರ್ಕಾರಿ ಕನ್ನಡ ಶಾಲೆಗಳಲ್ಲೂ ಒಂದನೇ ತರಗತಿಗೇ ಬಂತು. ಬೇಗ ಶುರು ಮಾಡಿದೆವು, ಆದರೆ ಕಲಿಸುವ ಕ್ರಮ ಬಹಳ ಕಡೆ ಅದೇ ಉಳಿಯಿತು. ಮಕ್ಕಳ ಭಯ ಮಾತ್ರ ನಾಲ್ಕು ವರ್ಷ ಮುಂಚೆ ಶುರುವಾಯಿತು.

ಆದ್ದರಿಂದ ಅಮ್ಮಂದಿರೇ, ಇಂಗ್ಲಿಷ್ ಬಾರದೆಂದು ಮಕ್ಕಳ ಪುಸ್ತಕದಿಂದ ದೂರ ಸರಿಯಬೇಡಿ. ಒಲೆಯ ಮುಂದೆ ನಿಂತೇ ಕೇಳಿ: ಈ ವಾಕ್ಯವನ್ನು ನಿನ್ನೆಗೆ ಹಾಕಿದರೆ ಯಾವ ಪದ ಬದಲಾಗುತ್ತದೆ? ನಾಳೆಗೆ ಹಾಕಿದರೆ? ಉತ್ತರ ನಿಮಗೆ ಗೊತ್ತಿರಬೇಕಾಗಿಲ್ಲ. ಮಗು ಹುಡುಕುತ್ತದೆ. ಸಹೋದ್ಯೋಗಿಗಳೇ, ಮಗು ಯಾಕೆ ಎಂದು ಕೇಳಿದಾಗ ‘ಕೂತ್ಕೋ’ ಎನ್ನಬೇಡಿ. ನಾನು ಅಂದಿದ್ದೇನೆ, ಅದರ ನಾಚಿಕೆ ಈಗಲೂ ಇದೆ.

ಆ ಹುಡುಗಿ ಹತ್ತನೇ ಕ್ಲಾಸಿಗೆ ಓದು ಬಿಡಲಿಲ್ಲ, ಪಿ.ಯು.ಸಿ. ಸೇರಿದಳು. ಅದರಲ್ಲಿ ನನ್ನ ಪಾಲೆಷ್ಟೋ, ಅವಳ ತಾಯಿಯ ಹಟದ ಪಾಲೆಷ್ಟೋ. ಆ ಪರೀಕ್ಷೆಯಲ್ಲಿ ಅವಳಿಗೆ ಅಂಕವನ್ನಂತೂ ನಾನು ಕೊಡಲಿಲ್ಲ, ಉತ್ತರ ತಪ್ಪೇ ಅಲ್ಲವೇ. ಅಂದಿನಿಂದ ಆ ಲಕ್ಷಣವನ್ನು ಮಾತ್ರ ಯಾವ ತರಗತಿಯಲ್ಲೂ ಬರೆಸಿಲ್ಲ.