ಟೆಡ್ಡಿಯ ಒಂಟಿ ಸವಾರಿ

ಕಳೆದ ಭಾನುವಾರ ಮೊಮ್ಮಗಳು ತನ್ನ ಟೆಡ್ಡಿ ಬೇರನ್ನು ನನ್ನ ತೊಡೆಯ ಮೇಲೆ ಕೂರಿಸಿ, ‘ತಾತ, ಇವನಿಗೆ ಟೆಡ್ಡಿ ಅಂತ ಯಾಕೆ ಹೆಸರು?’ ಎಂದಳು. 1902ರಲ್ಲಿ ಅಮೆರಿಕದ ಅಧ್ಯಕ್ಷರೊಬ್ಬರು ಮರಕ್ಕೆ ಕಟ್ಟಿಹಾಕಿದ್ದ ಕರಡಿಗೆ ಗುಂಡು ಹೊಡೆಯಲು ಒಪ್ಪಲಿಲ್ಲ, ಅವರ ಹೆಸರೇ ಗೊಂಬೆಗೆ ಬಂತು ಎಂದೆ. ಆ ಥಿಯೋಡರ್ ರೂಸ್‌ವೆಲ್ಟರ ಇನ್ನೊಂದು ಕಥೆಯನ್ನು ಮಾತ್ರ ಹೇಳಲಿಲ್ಲ. ಅದನ್ನು ಇಲ್ಲಿ ಬರೆಯುತ್ತೇನೆ. ಅಜ್ಜ ಅಜ್ಜಿಯರು ಪಕ್ಕದಲ್ಲಿ ಕೂತು ಓದಿಸಿದರೆ ಒಳ್ಳೆಯದು.

ಟೆಡ್ಡಿ ಹುಟ್ಟಿದ್ದು ನ್ಯೂಯಾರ್ಕಿನ ಸಿರಿವಂತರ ಮನೆಯಲ್ಲಿ. ಉಬ್ಬಸದ ಹುಡುಗ. ಒಮ್ಮೆ ಪೇಟೆಯಲ್ಲಿ ಸತ್ತ ಸೀಲ್ ಒಂದನ್ನು ಕಂಡು, ಕಾಡಿಬೇಡಿ ಅದರ ತಲೆಬುರುಡೆ ಸಂಪಾದಿಸಿದ. ಅದರಿಂದಲೇ ಮನೆಯಲ್ಲೊಂದು ಮ್ಯೂಸಿಯಂ ಶುರು! ಕನ್ನಡಕ ಬಂದ ಮೇಲಂತೂ ಹಕ್ಕಿಗಳ ಹಿಂದೆ ಬಿದ್ದ. ಕಾಲೇಜಿನಲ್ಲಿದ್ದಾಗಲೇ, 1877ರಲ್ಲಿ, ಗೆಳೆಯನೊಡನೆ ಹಕ್ಕಿಗಳ ಪಟ್ಟಿಯೊಂದನ್ನು ಅಚ್ಚು ಹಾಕಿಸಿದ.

1884ರ ಫೆಬ್ರವರಿ 12ರಂದು ಅವನಿಗೆ ಮಗಳು ಹುಟ್ಟಿದಳು. ಎರಡೇ ದಿನ. 14ರಂದು ನಸುಕಿನಲ್ಲಿ ತಾಯಿ ಟೈಫಾಯಿಡ್‌ನಿಂದ ತೀರಿಕೊಂಡರು. ಅದೇ ಮನೆಯ ಇನ್ನೊಂದು ಮಹಡಿಯಲ್ಲಿ, ಅದೇ ಮಧ್ಯಾಹ್ನ, ಹೆಂಡತಿ ಆಲಿಸ್ ಮೂತ್ರಪಿಂಡದ ಕಾಯಿಲೆಯಿಂದ ಹೋದಳು. ಅವಳಿಗೆ 22 ವರ್ಷ, ಇವನಿಗೆ 25. ದಿನಚರಿಯ ಆ ಪುಟದಲ್ಲಿ ದೊಡ್ಡದೊಂದು ಅಡ್ಡಗೀಟಿನ ಗುರುತು, ಕೆಳಗೆ ಒಂದೇ ಸಾಲು.

ಕೂಸನ್ನು ಅಕ್ಕನ ಮಡಿಲಿಗೆ ಹಾಕಿ, ಜೂನ್‌ನಲ್ಲಿ ರೈಲು ಹತ್ತಿ ಡಕೋಟದ ಬ್ಯಾಡ್‌ಲ್ಯಾಂಡ್ಸ್‌ಗೆ ಹೋದ. ಹೆಸರೇ ‘ಕೆಟ್ಟ ನೆಲ’. ಲಿಟಲ್ ಮಿಸೌರಿ ನದಿ ಕೊರೆದ ಜೇಡಿಮಣ್ಣಿನ ಗುಡ್ಡಗಳು, ಒಂದರ ಮೇಲೊಂದು ಬಣ್ಣದ ಪಟ್ಟಿಗಳು. ನೆಲದೊಳಗಿನ ಕಲ್ಲಿದ್ದಲು ಹೊತ್ತಿಕೊಂಡ ಕಡೆ ಮೇಲಿನ ಮಣ್ಣು ಇಟ್ಟಿಗೆಯಂತೆ ಬೆಂದು ಕೆಂಪಾಗಿರುತ್ತದೆ. ಪ್ರಕೃತಿಯೇ ಹಾಕಿದ ಇಟ್ಟಿಗೆಗೂಡು ಅನ್ನಿ. ಅದರಾಚೆ ಕಣ್ಣು ಹಾಯುವಷ್ಟೂ ಹುಲ್ಲು.

ಅಲ್ಲಿ ಅವನು ದಾರಿ ತೋರಿಸುವವರನ್ನೂ ಕರೆದುಕೊಳ್ಳದೆ, ಮ್ಯಾನಿಟೂ ಎಂಬ ಕುದುರೆಯೇರಿ ಒಬ್ಬನೇ ಹೊರಟುಬಿಟ್ಟ. ಒಂದು ಕಂಬಳಿ, ಮಳೆಕೋಟು, ಚೂರು ಟೀಪುಡಿ, ಉಪ್ಪು, ಬಿಸ್ಕತ್ತು, ಇಷ್ಟೇ ಸಾಮಾನು. ಹೊಟ್ಟೆಗೆ ಬೇಟೆ. (ಹೌದು, ಕರಡಿಗೆ ಗುಂಡು ಹೊಡೆಯಲು ಒಪ್ಪದವನೇ ಜಿಂಕೆಯಂಥ ಪ್ರಾಣಿಗಳನ್ನು ಹೊಡೆದು ತಿಂದ. ಅದನ್ನು ಮುಚ್ಚಿಡುವುದು ನನಗೆ ಸರಿಕಾಣದು.) ರಾತ್ರಿ ಆಕಾಶದ ಕೆಳಗೇ ನಿದ್ದೆ. ಹಲವು ದಿನ ಹೀಗೇ ತಿರುಗಿದ.

ಅಕ್ಕನಿಗೆ ಬರೆದ ಕಾಗದದಲ್ಲಿ ಈ ಸವಾರಿಯ ಸುದ್ದಿಯೆಲ್ಲ ಇದೆ. ಮುಂದೆ ಬರೆದ ಪುಸ್ತಕದಲ್ಲಿ ಆ ಬಯಲಿನ ಮೆಡೊಲಾರ್ಕ್ ಹಕ್ಕಿಯ ಹಾಡನ್ನು ಮನಸಾರೆ ಹೊಗಳಿದ್ದಾನೆ. ಹಳದಿ ಎದೆಯ ಮೇಲೆ ಕಪ್ಪು ‘ವಿ’ ಬರೆದಂಥ ಹಕ್ಕಿ. ಅಮೆರಿಕದ ಪೂರ್ವದಲ್ಲೂ ಪಶ್ಚಿಮದಲ್ಲೂ ನೋಡಲು ಹೆಚ್ಚುಕಡಿಮೆ ಒಂದೇ, ಹಾಡು ಮಾತ್ರ ಬೇರೆ. ಅಷ್ಟು ದುಃಖದಲ್ಲೂ ಅವನ ಕಿವಿ ಆ ವ್ಯತ್ಯಾಸವನ್ನು ಹಿಡಿದಿತ್ತು.

ಆದರೆ ಒಂದು ಹೆಸರು ಮಾತ್ರ ಅವನ ಬಾಯಿಂದ ಬರಲಿಲ್ಲ. ಕೂಸಿಗೆ ತಾಯಿಯ ಹೆಸರನ್ನೇ ಇಟ್ಟಿದ್ದರು, ಆಲಿಸ್ ಎಂದು. ಅವನು ಅವಳನ್ನು ‘ಬೇಬಿ ಲೀ’ ಎನ್ನುತ್ತಿದ್ದ. ಅಧ್ಯಕ್ಷನಾಗಿ 23 ಕೋಟಿ ಎಕರೆಯಷ್ಟು ಕಾಡು, ಬಯಲು, ಹಕ್ಕಿತಾಣಗಳಿಗೆ ರಕ್ಷಣೆ ಕೊಟ್ಟವನು, 1913ರ ಆತ್ಮಕಥೆಯಲ್ಲಿ ಆಲಿಸ್‌ಗೆ ಒಂದು ಸಾಲು ಜಾಗ ಕೊಡಲಿಲ್ಲ. ನಮ್ಮ ಮನೆಗೋಡೆಯ ಮೇಲೂ ಹಾರ ಹಾಕಿದ ಫೋಟೊ ಒಂದಿದೆ. ಅದರ ಬಗ್ಗೆ ಮೊಮ್ಮಗಳು ಕೇಳಿದಾಗ ನಾನೂ ಮಾತು ತಿರುಗಿಸಿದ್ದುಂಟು. ಹಾಗಾಗಿ ಅವನನ್ನು ಬೈಯಲು ನನಗೆ ಬಾಯಿಲ್ಲ.

ಆ ಹುಡುಗಿಗೆ ಅಮ್ಮನ ವಿಷಯ ಹೇಳಿದವರು ಸಾಕಿದ ಅತ್ತೆ. ಅಪ್ಪ ತನ್ನೆದುರು ಒಮ್ಮೆಯೂ ಅಮ್ಮನ ಮಾತೆತ್ತಲಿಲ್ಲ ಎಂದು ಆಕೆ ಮುದುಕಿಯಾದ ಮೇಲೂ ಹೇಳುತ್ತಿದ್ದಳು. 1980ರಲ್ಲಿ ತೀರಿಕೊಂಡಾಗ ಆಕೆಗೆ 96 ವರ್ಷ.